ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಓದಿದ ಆಸ್ಪತ್ರೆ

ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ನಮ್ಮ ಅಕ್ಕ ಒಂಬತ್ತು ದಿನ ಒಳರೋಗಿಯಾಗಿದ್ದಳು. ಆ ಒಂಬತ್ತು ದಿನವೂ ಅವಳ ಜೊತೆಗಿದ್ದವಳು ನಾನು. ಹನ್ನೊಂದು ತಿಂಗಳ ಕಾಲ ಅವಳ ಹೊಟ್ಟೆಯೊಳಗೇ ಉಳಿದು, ಮೂರು ಕಡೆ ಮೂರು ಕಾಯಿಲೆಗಳ ಹೆಸರು ಪಡೆದಿದ್ದ ಒಂದು ಬಟ್ಟೆಯನ್ನು ಇಲ್ಲಿ ಪತ್ತೆಹಚ್ಚಿ ಹೊರತೆಗೆದರು. ಆಸ್ಪತ್ರೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಬರೆದರೆ ಮೊದಲು ಹೆರಿಗೆ ಮಾಡಿಸಿದ ನರ್ಸಿಂಗ್ ಹೋಂ ಯಾವುದೆಂಬುದು ನಮ್ಮ ಕಡೆಯವರಿಗೆ ತಾನಾಗಿಯೇ ತಿಳಿಯುತ್ತದೆ, ಆ ನರ್ಸಿಂಗ್ ಹೋಮಿಗೆ ದಾಖಲೆ ಕೇಳಿ ನಾವು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹೆಸರಿಲ್ಲದಿದ್ದರೂ ಅಲ್ಲಿನ ಸೇವೆ ಹೇಗಿತ್ತೆಂಬುದನ್ನು ವಿವರವಾಗಿ ಬರೆಯುವುದರಿಂದ, ಯಾವುದೇ ಊರಿನಲ್ಲಿ ಯಾವುದೇ ಆಸ್ಪತ್ರೆಗೆ ಹೋಗುವವರು ಏನನ್ನು ಗಮನಿಸಬೇಕು, ಏನನ್ನು ಕೇಳಬೇಕು ಎಂಬುದಾದರೂ ತಿಳಿಯುತ್ತದೆ ಎಂದು ನಂಬಿದ್ದೇನೆ.

ಅಕ್ಕನ ಗಂಡನ ಮನೆ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಹೆರಿಗೆ ನೋವು ಶುರುವಾದ ರಾತ್ರಿ ಮಗುವಿನ ಎದೆಬಡಿತ ಕಡಿಮೆಯಾಗುತ್ತಿದೆಯೆಂದು ಹೇಳಿ ನರ್ಸಿಂಗ್ ಹೋಮಿನವರು ತುರ್ತಾಗಿ ಸಿಸೇರಿಯನ್ ಮಾಡಿದರು. ಮಗು ಕ್ಷೇಮವಾಗಿ ಹುಟ್ಟಿತು, ಆದರೆ ಅಕ್ಕನಿಗೆ ರಕ್ತಸ್ರಾವ ಬೇಗ ನಿಲ್ಲಲಿಲ್ಲ. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಆರನೆಯ ದಿನ ಮನೆಗೆ ಕಳುಹಿಸಿದರು. ಬಾಣಂತನದ ನೋವು ಎಂದುಕೊಂಡದ್ದು ಮೂರು ತಿಂಗಳಾದರೂ ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಹೊಕ್ಕುಳಿನ ಎಡಗಡೆ ಸ್ವಲ್ಪ ಕೆಳಗೆ ಒತ್ತಿದರೆ ಗಟ್ಟಿಯಾಗಿ ಏನೋ ಕೈಗೆ ಸಿಗುತ್ತಿತ್ತು. ಸೊಪ್ಪಿನ ಹೊರೆ ಎತ್ತುತ್ತಿದ್ದವಳು, ಹುಳು ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸಕ್ಕೂ ಬಗ್ಗಲಾರದಂತಾದಳು.

ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಎಂದರು. ಎರಡನೆಯ ಕಡೆ ಅಲ್ಟ್ರಾಸೌಂಡ್ ಮಾಡಿ ಎಡ ಅಂಡಾಶಯದ ಬಳಿ ಗಡ್ಡೆಯಿದೆ ಎಂದರು. ರಕ್ತದಲ್ಲಿ ಸಿಎ-125 ಎಂಬ ಪರೀಕ್ಷೆಯ ಅಂಕಿ ಸ್ವಲ್ಪ ಹೆಚ್ಚಿಗೆ ಬಂದಿತ್ತು. ಕ್ಯಾನ್ಸರ್ ಇರಬಹುದು, ಬೆಂಗಳೂರಿನ ಕಿದ್ವಾಯಿಗೆ ಹೋಗಿ ಎಂದು ಬಂಧುಗಳೊಬ್ಬರು ಹೇಳಿದ ದಿನ ಭಾವ ಊಟ ಮಾಡಲಿಲ್ಲ. ಮೂರನೆಯ ವೈದ್ಯರು ಅದೇ ಅಂಕಿಯನ್ನು ನೋಡಿ, ಇದು ಕ್ಯಾನ್ಸರಿನಲ್ಲಿ ಮಾತ್ರವಲ್ಲದೆ ಹೊಟ್ಟೆಯೊಳಗೆ ಯಾವುದೇ ಉರಿಯೂತವಿದ್ದರೂ ಏರುತ್ತದೆ ಎಂದರು. ಆ ಮಾತು ಸರಿಯಾಗಿಯೇ ಇತ್ತು. ಆದರೆ ಅಲ್ಲಿಂದ ಮುಂದೆ ಸಂಜೆ ಜ್ವರ, ತೂಕ ಇಳಿದದ್ದು, ಹೊಟ್ಟೆಯ ಗಡ್ಡೆ ಈ ಮೂರನ್ನು ಸೇರಿಸಿ ಹೊಟ್ಟೆಯ ಟಿಬಿ ಎಂದು ತೀರ್ಮಾನಿಸಿ ಮಾತ್ರೆ ಶುರುಮಾಡಿದರು. ನಮ್ಮ ದೇಶದಲ್ಲಿ ಈ ಲಕ್ಷಣಗಳಿಗೆ ಟಿಬಿ ನೆನಪಾಗುವುದು ಸಹಜ, ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಎರಡು ತಿಂಗಳು ಆ ಮಾತ್ರೆ ನುಂಗಿ, ಮೂತ್ರ ಕೆಂಪಗೆ ಹೋಗುವುದನ್ನು ನೋಡಿ ಹೆದರಿ, ಮಗುವಿಗೆ ಹಾಲು ಕೊಡಬಹುದೋ ಬೇಡವೋ ಎಂದು ಸಂಕಟಪಟ್ಟು, ಅಕ್ಕ ಇನ್ನೂ ನಾಲ್ಕು ಕಿಲೋ ಇಳಿದಳು. ನನಗೆ ಈಗಲೂ ನೋವಾಗುವುದು ಒಂದೇ ವಿಷಯಕ್ಕೆ. ಈ ಮೂರೂ ಕಡೆ ನಾವು ಸಿಸೇರಿಯನ್ ಆಗಿದೆ ಎಂದು ಹೇಳಿದ್ದೆವು, ಮೂರೂ ಕಡೆ ಅದನ್ನು ಬರೆದುಕೊಂಡಿದ್ದರು, ಆದರೆ ಆ ಶಸ್ತ್ರಚಿಕಿತ್ಸೆ ಹೇಗೆ ನಡೆಯಿತು ಎಂದು ಒಬ್ಬರೂ ಕೇಳಲಿಲ್ಲ.

ಚಿಕ್ಕಬಳ್ಳಾಪುರದ ಈ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ ಮೇಲೆ ಎರಡು ಗಂಟೆ ಕಾಯಬೇಕಾಯಿತು. ಕಾಯುವ ಜಾಗದಲ್ಲಿ ಕುರ್ಚಿಗಳು ಸಾಲದು. ನೋವಿನಲ್ಲಿದ್ದ ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಒಳಗೆ ಕರೆದ ಮೇಲೆ ಮಾತ್ರ ಅವಸರ ಮಾಡಲಿಲ್ಲ. ಶಸ್ತ್ರಚಿಕಿತ್ಸಕರು ನಡುವಯಸ್ಸಿನ ಮಹಿಳೆ. ನಾವು ಮೇಜಿನ ಮೇಲಿಟ್ಟ ಸ್ಕ್ಯಾನ್ ಕವರುಗಳನ್ನು ಪಕ್ಕಕ್ಕೆ ಸರಿಸಿ, "ಹೆರಿಗೆ ಆದಾಗ ಕೊಟ್ಟ ಕಾಗದ ತಂದಿದ್ದೀರಾ ಅಮ್ಮ?" ಎಂದು ಕೇಳಿದರು. ಭಾವ ಪ್ಲಾಸ್ಟಿಕ್ ಚೀಲದ ಅಡಿಯಿಂದ, ಮಗುವಿನ ಲಸಿಕೆ ಕಾರ್ಡಿನ ಜೊತೆ ಮಡಿಸಿಟ್ಟಿದ್ದ ಡಿಸ್ಚಾರ್ಜ್ ಚೀಟಿಯನ್ನೂ ಅದಕ್ಕೆ ಪಿನ್ ಮಾಡಿದ್ದ ಆಪರೇಷನ್ ನೋಟಿನ ನಕಲನ್ನೂ ತೆಗೆದುಕೊಟ್ಟರು. ಡಾಕ್ಟರು ಅದನ್ನು ಎರಡು ಬಾರಿ ಓದಿದರು. ಪೆನ್ಸಿಲಿನಿಂದ ಎರಡು ಪದಗಳಿಗೆ ಗೆರೆ ಎಳೆದರು: ಒಂದು ತುರ್ತು, ಇನ್ನೊಂದು ಅತಿರಕ್ತಸ್ರಾವ. ಆ ಮೇಲೆ ಪೆನ್ಸಿಲ್ ಕೆಳಕ್ಕೆ ಇಳಿದು ಒಂದು ಸಾಲಿನ ಬಳಿ ನಿಂತಿತು. "ಮಾಪ್ ಕೌಂಟ್" ಎಂದು ಅಚ್ಚಾಗಿದ್ದ ಸಾಲು ಅದು. ಅದರ ಮುಂದೆ ಏನೂ ಬರೆದಿರಲಿಲ್ಲ.

ಶಸ್ತ್ರಚಿಕಿತ್ಸೆ ಮಾಡುವಾಗ ರಕ್ತ ಹೀರಲು, ಕರುಳನ್ನು ಪಕ್ಕಕ್ಕೆ ಸರಿಸಿ ಹಿಡಿಯಲು ಬಳಸುವ ಮಡಿಕೆ ಹಾಕಿದ ಹತ್ತಿಬಟ್ಟೆಗೆ ಆಪರೇಷನ್ ಥಿಯೇಟರಿನಲ್ಲಿ ಮಾಪ್ ಎನ್ನುತ್ತಾರೆ, ಚಿಕ್ಕದಕ್ಕೆ ಗಾಜ್ ಎನ್ನುತ್ತಾರೆ. ಕೊಯ್ಯುವ ಮೊದಲು ಎಷ್ಟಿದ್ದವು, ನಡುವೆ ಎಷ್ಟು ಸೇರಿಸಿದರು, ಹೊಟ್ಟೆ ಮುಚ್ಚುವ ಮೊದಲು ಎಷ್ಟು ಹೊರಗೆ ಬಂದವು ಎಂಬುದನ್ನು ಇಬ್ಬರು ದಾದಿಯರು ಒಟ್ಟಿಗೆ, ಗಟ್ಟಿಯಾಗಿ ಎಣಿಸಬೇಕು. ರಕ್ತದಲ್ಲಿ ತೊಯ್ದು ಮುದುಡಿದ ಬಟ್ಟೆ ಕರುಳಿನ ಸುರುಳಿಗಳ ನಡುವೆ ಸೇರಿಕೊಂಡರೆ ಅದಕ್ಕೂ ಸುತ್ತಲಿನ ಮಾಂಸಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲವಂತೆ. ಅದರಿಂದಲೇ ಕಣ್ಣನ್ನು ನಂಬದೆ ಲೆಕ್ಕವನ್ನು ನಂಬುವ ಪದ್ಧತಿ ಬಂದಿದೆ. ಲೆಕ್ಕವೂ ತಪ್ಪುತ್ತದೆ ಎಂಬುದನ್ನು ಅದೇ ಡಾಕ್ಟರು ನಮಗೆ ಹೇಳಿದರು. "ಈ ಸಾಲಿನಲ್ಲಿ ಸರಿಯಿದೆ ಎಂದು ಬರೆದಿದ್ದರೂ ನಾನು ಸಿಟಿ ಸ್ಕ್ಯಾನ್ ಮಾಡಿಸಿಯೇ ಮಾಡಿಸುತ್ತಿದ್ದೆ" ಎಂದರು.

ಅವರ ಮಾತು ಎಷ್ಟು ತೂಕದ್ದೆಂದು ನನಗೆ ತಿಳಿದದ್ದು ಆ ಮೇಲೆ ಓದಿದಾಗ. ಅಮೆರಿಕದ ಶಸ್ತ್ರಚಿಕಿತ್ಸಕ ಅತುಲ್ ಗವಾಂಡೆ ಮತ್ತು ಅವರ ಸಂಗಡಿಗರು 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದೊಳಗೆ ವಸ್ತು ಉಳಿದುಹೋದ 54 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ್ದರು. ಉಳಿದಿದ್ದ ವಸ್ತುಗಳಲ್ಲಿ ಶೇ. 69ರಷ್ಟು ಬಟ್ಟೆಗಳೇ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಈ ಅಪಾಯ ಸುಮಾರು ಒಂಬತ್ತು ಪಟ್ಟು ಹೆಚ್ಚು. ಶಸ್ತ್ರಚಿಕಿತ್ಸೆಯ ನಡುವೆ ಯೋಜನೆ ಬದಲಾದರೆ ಸುಮಾರು ನಾಲ್ಕು ಪಟ್ಟು. ಎಣಿಕೆ ಮಾಡಿದ್ದ ಪ್ರಕರಣಗಳಲ್ಲಿ ಶೇ. 88ರಷ್ಟರಲ್ಲಿ ಲೆಕ್ಕ ಸರಿಯಿದೆ ಎಂದೇ ದಾಖಲಾಗಿತ್ತು. ನಮ್ಮ ಅಕ್ಕನ ಚೀಟಿಯಲ್ಲಿ ಪೆನ್ಸಿಲ್ ಗೆರೆ ಬಿದ್ದ ಆ ಎರಡು ಪದಗಳೇ ಸುಳಿವಾಗಿದ್ದವು. ಅವು ಹನ್ನೊಂದು ತಿಂಗಳಿಂದ ಲಸಿಕೆ ಕಾರ್ಡಿನ ಜೊತೆ ನಮ್ಮ ಚೀಲದಲ್ಲೇ ಇದ್ದವು.

ಸ್ಕ್ಯಾನಿಂಗ್ ವಿಭಾಗದ ಬಗ್ಗೆ ಹೇಳುವುದಾದರೆ, ಕಾಯಿಸುವುದು ಅಲ್ಲಿಯೂ ಇದೆ, ಆದರೆ ವರದಿ ಕೊಡುವ ರೀತಿ ಮೆಚ್ಚುವಂಥದ್ದು. ಕಂಪ್ಯೂಟರಿನ ಪರದೆಯ ಮುಂದೆ ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ತೋರಿಸಿದರು. ದಪ್ಪ ಗೋಡೆಯ ಒಂದು ಚೀಲ, ಅದರೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕಪ್ಪು ಗುಳ್ಳೆಗಳು. ಆ ಕಪ್ಪು ಚುಕ್ಕೆಗಳು ಬಟ್ಟೆಯ ಮಡಿಕೆಗಳ ನಡುವೆ ಸಿಕ್ಕಿಕೊಂಡ ಗಾಳಿಯಂತೆ. ಒಳ್ಳೆಯ ಮಾಪ್‌ಗಳಲ್ಲಿ ಎಕ್ಸ್‌ರೇಗೆ ಕಾಣುವಂತೆ ಬೇರಿಯಂ ಸಲ್ಫೇಟ್ ಸೇರಿಸಿದ ದಾರವೊಂದನ್ನು ನೇಯ್ದಿರುತ್ತಾರೆ, ಸಾಮಾನ್ಯವಾಗಿ ಅದು ನೀಲಿ ಬಣ್ಣದ್ದಾಗಿರುತ್ತದೆ. ಅಕ್ಕನ ಹೊಟ್ಟೆಯಲ್ಲಿದ್ದುದರಲ್ಲಿ ಆ ದಾರವೇ ಇರಲಿಲ್ಲ. ಹಾಗಾಗಿ ನಡುವೆ ಒಮ್ಮೆ ತೆಗೆಸಿದ್ದ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಬಟ್ಟೆ ಶಬ್ದದ ಅಲೆಯನ್ನು ತಡೆದು ಹಿಂದೆ ದಟ್ಟವಾದ ನೆರಳು ಬೀಳಿಸುತ್ತದೆ. ಹಳೆಯ ಶಸ್ತ್ರಚಿಕಿತ್ಸೆ ಮನಸ್ಸಿನಲ್ಲಿಲ್ಲದವರು ಅದನ್ನು ಗಡ್ಡೆಯೆಂದು ಓದಿದರೆ ಆಶ್ಚರ್ಯವಿಲ್ಲ ಎಂದು ರೇಡಿಯಾಲಜಿಯ ಡಾಕ್ಟರು ಹಿಂದಿನವರ ಬಗ್ಗೆ ಕಟುವಾಗಿ ಏನನ್ನೂ ಹೇಳದೆ ವಿವರಿಸಿದರು.

ಈ ಸ್ಥಿತಿಗೆ ವೈದ್ಯರು ಗಾಸಿಪಿಬೋಮ ಎಂಬ ಹೆಸರಿಟ್ಟಿದ್ದಾರೆ. ಲ್ಯಾಟಿನ್ನಿನಲ್ಲಿ ಹತ್ತಿಗೆ ಇರುವ ಗಾಸಿಪಿಯಂ ಎಂಬ ಪದಕ್ಕೆ, ಸ್ವಾಹಿಲಿಯಲ್ಲಿ ಬಚ್ಚಿಡುವ ಜಾಗ ಎಂಬ ಅರ್ಥ ಕೊಡುವ ಬೋಮ ಸೇರಿಸಿ ಮಾಡಿದ ಹೆಸರೆಂದು ವಿವರಿಸುತ್ತಾರೆ. 1884ರಷ್ಟು ಹಿಂದೆಯೇ ಇದು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ದೇಹ ಹತ್ತಿಯನ್ನು ಎರಡು ಬಗೆಯಲ್ಲಿ ಎದುರಿಸುತ್ತದೆ. ಒಂದು, ಕೀವಾಗಿ, ಕರುಳಿಗೋ ಚರ್ಮಕ್ಕೋ ದಾರಿ ಮಾಡಿಕೊಂಡು ಬೇಗನೆ ಹೊರಗೆ ತಳ್ಳಲು ನೋಡುವುದು. ಇನ್ನೊಂದು, ಸುತ್ತಲೂ ನಾರಿನ ಗೋಡೆ ಕಟ್ಟಿ ಅದನ್ನು ಒಳಗೇ ಬಂಧಿಸಿಡುವುದು. ಎರಡನೆಯ ಬಗೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ಗಡ್ಡೆಯ ವೇಷದಲ್ಲಿರುತ್ತದೆ. ಅಕ್ಕನದು ಎರಡನೆಯದು.

ಒಪ್ಪಿಗೆ ಪತ್ರದ ವಿಷಯದಲ್ಲಿ ಈ ಆಸ್ಪತ್ರೆಯ ಮೇಲೆ ನನ್ನ ಮುಖ್ಯ ಆಕ್ಷೇಪವಿದೆ. ನಾಲ್ಕು ಪುಟದ ಆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಭಾವ ಏಳನೆಯ ತರಗತಿಯವರೆಗೆ ಓದಿದವರು. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ ಕಡೆ ಹಾಕಿದರು. ನಾನು ಶಾಲೆಯಲ್ಲಿ ಪಾಠ ಹೇಳುವವಳಾದದ್ದರಿಂದ ಓದಿ ಹೇಳಲು ಸಾಧ್ಯವಾಯಿತು, ಅಂಥವರು ಜೊತೆಗಿಲ್ಲದ ಮನೆಯವರು ಏನು ಮಾಡಬೇಕು? ಜಿಲ್ಲಾ ಕೇಂದ್ರದ ಆಸ್ಪತ್ರೆ ಕನ್ನಡದಲ್ಲಿ ಒಂದು ಪತ್ರವನ್ನು ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಾಯಿಮಾತಿನಲ್ಲಿ ಮಾತ್ರ ಡಾಕ್ಟರು ಯಾವ ಕೊರತೆಯನ್ನೂ ಮಾಡಲಿಲ್ಲ. ಬಟ್ಟೆ ಕರುಳಿಗೆ ಅಂಟಿಕೊಂಡಿರಬಹುದು, ಬಿಡಿಸುವಾಗ ಕರುಳಿಗೆ ಗಾಯವಾದರೆ ಒಂದು ತುಂಡು ಕತ್ತರಿಸಿ ಜೋಡಿಸಬೇಕಾಗಬಹುದು ಎಂದು ಅಕ್ಕನಿಗೆ ಕನ್ನಡದಲ್ಲಿ ಹೇಳಿ, ಮನೆಯಲ್ಲಿ ತೆಲುಗು ಆಡುವ ಅವಳ ಅತ್ತೆಗೆ ಅದನ್ನೇ ತೆಲುಗಿನಲ್ಲಿ ಮತ್ತೊಮ್ಮೆ ಹೇಳಿದರು. ಅತ್ತೆ ಕೇಳಿದ ಪ್ರಶ್ನೆಗಳಿಗೆ, ಒಂದನ್ನೇ ಮೂರು ಸಲ ಕೇಳಿದಾಗಲೂ, ಬೇಸರಿಸಲಿಲ್ಲ.

ಶಸ್ತ್ರಚಿಕಿತ್ಸೆ ಮೂರು ಗಂಟೆ ಹಿಡಿಯಿತು. ಕರುಳನ್ನು ಕತ್ತರಿಸಬೇಕಾಗಲಿಲ್ಲ. ಮುಗಿದ ಮೇಲೆ ಥಿಯೇಟರಿನ ಬಾಗಿಲಿಗೆ ನಮ್ಮಿಬ್ಬರನ್ನು ಕರೆದು, ಸ್ಟೀಲ್ ತಟ್ಟೆಯಲ್ಲಿಟ್ಟ ವಸ್ತುವನ್ನು ತೋರಿಸಿದರು. ಅಂಗೈ ಅಗಲದ, ಹಳದಿಯೂ ಕಂದೂ ಬೆರೆತ ಒಂದು ಮುದ್ದೆ. ಇಕ್ಕಳದ ತುದಿಯಿಂದ ಅಂಚನ್ನು ಎತ್ತಿದಾಗ ನೇಯ್ಗೆ ಕಾಣಿಸಿತು, ಎಳೆ ಎಳೆಯಾಗಿ, ಮೂಲೆಯಲ್ಲಿ ಹೊಲಿದ ಪಟ್ಟಿಯ ಸಮೇತ. ಭಾವ ಒಂದು ಕೈಯನ್ನು ಗೋಡೆಗೆ ಊರಿಕೊಂಡರು. ದಿನವಿಡೀ ನೂಲಿನ ಎಳೆಯನ್ನೇ ನಂಬಿ ಬದುಕುವ ಮನೆಯವರಿಗೆ ಅದು ಬಟ್ಟೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಡಾಕ್ಟರು ಅದರ ಫೋಟೊ ತೆಗೆಸಿ, ಅಳತೆಪಟ್ಟಿ ಪಕ್ಕಕ್ಕಿಟ್ಟು ಇನ್ನೊಂದು ಫೋಟೊ ತೆಗೆಸಿ, ನಮ್ಮೆದುರಿಗೇ ಡಬ್ಬಿಗೆ ಹಾಕಿಸಿ ಪರೀಕ್ಷೆಗೆ ಕಳುಹಿಸಿದರು. ಹತ್ತು ದಿನಗಳ ನಂತರ ಬಂದ ವರದಿಯಲ್ಲಿ ಹತ್ತಿಯ ಎಳೆಗಳ ಸುತ್ತ ದೇಹ ಕಟ್ಟಿದ ಉರಿಯೂತದ ಗಂಟು ಇದು, ಟಿಬಿಯ ಕುರುಹಿಲ್ಲ ಎಂದಿತ್ತು. ಟಿಬಿ ಮಾತ್ರೆಗಳನ್ನು ಆ ದಿನವೇ ನಿಲ್ಲಿಸಿದರು.

ಬಿಡುಗಡೆಯ ದಿನ ಕೊಟ್ಟ ಕಡತದಲ್ಲಿ ಈ ಸಲದ ಶಸ್ತ್ರಚಿಕಿತ್ಸೆಯ ಎಣಿಕೆಯ ಹಾಳೆಯ ನಕಲೂ ಇತ್ತು. ನಾವು ಕೇಳಿರಲಿಲ್ಲ, ಅವರೇ ಸೇರಿಸಿದ್ದರು. ಆರಂಭದಲ್ಲಿ ಮಾಪ್ 10, ನಡುವೆ ಸೇರಿಸಿದ್ದು 5, ಹೊಟ್ಟೆ ಮುಚ್ಚುವ ಮೊದಲು 15, ಚರ್ಮ ಹೊಲಿಯುವಾಗ 15 ಎಂದು ಬರೆದು ಇಬ್ಬರು ದಾದಿಯರು ಸಹಿ ಮಾಡಿದ್ದಾರೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲು: ಹೊರತೆಗೆದ ಹಳೆಯ ಮಾಪ್ 1, ಲೆಕ್ಕಕ್ಕೆ ಸೇರಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತೆಯ ತಪಾಸಣಾ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಇದೂ ಒಂದು, ರೋಗಿ ಥಿಯೇಟರಿನಿಂದ ಹೊರಗೆ ಹೋಗುವ ಮೊದಲು ಉಪಕರಣ ಮತ್ತು ಬಟ್ಟೆಯ ಲೆಕ್ಕವನ್ನು ದಾದಿ ಬಾಯಿಬಿಟ್ಟು ಹೇಳಬೇಕು. ಆ ಪಟ್ಟಿಯನ್ನು ಮೊದಲು ಪರೀಕ್ಷಿಸಿ ನೋಡಿದ ಎಂಟು ನಗರಗಳಲ್ಲಿ ದೆಹಲಿಯೂ ಸೇರಿತ್ತು. ಅಂದಮೇಲೆ ಇದು ನಮ್ಮ ದೇಶದ ಆಸ್ಪತ್ರೆಗಳಿಗೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಒಂದು ಬಿಳಿ ಹಲಗೆ, ಒಂದು ಪೆನ್ನು, ಇಬ್ಬರ ಗಮನ ಇದ್ದರೆ ಆಗುತ್ತದೆ. ಶಸ್ತ್ರಚಿಕಿತ್ಸೆಗೆ ಹೋಗುವ ಯಾರೇ ಆಗಲಿ ಹಿಂದಿನ ದಿನ ಡಾಕ್ಟರನ್ನು ಎರಡು ಪ್ರಶ್ನೆ ಕೇಳಬಹುದು: ನಿಮ್ಮ ಮಾಪ್‌ಗಳಲ್ಲಿ ಎಕ್ಸ್‌ರೇ ದಾರ ಇದೆಯೇ, ಎಣಿಕೆಯ ಹಾಳೆಯ ನಕಲು ಕೊಡುತ್ತೀರಾ? ನಾನು ಇಲ್ಲಿ ಕೇಳಿದಾಗ ಯಾರೂ ಮುಖ ಸಿಂಡರಿಸಲಿಲ್ಲ.

ವಾರ್ಡಿನ ದಾದಿಯರು ಒಳ್ಳೆಯವರು, ರಾತ್ರಿ ಪಾಳಿಯಲ್ಲಿ ಜನ ಕಡಿಮೆ. ಶೌಚಾಲಯ ಬೆಳಿಗ್ಗೆ ಸ್ವಚ್ಛ, ಸಂಜೆ ಅಲ್ಲ. ಹಾಲೂಡುವ ತಾಯಿ ಒಳರೋಗಿಯಾಗಿದ್ದರೆ ಮಗುವನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಅತ್ತೆ ದಿನಕ್ಕೆರಡು ಬಾರಿ ಮಗುವನ್ನು ಎತ್ತಿಕೊಂಡು ಬಂದು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು.

ಒಟ್ಟು ಬಿಲ್ಲು 92,400 ರೂಪಾಯಿ, ಸಿಟಿ ಸ್ಕ್ಯಾನಿನ ಹಣ ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ನಮ್ಮಲ್ಲಿತ್ತು, ಈ ಆಸ್ಪತ್ರೆ ಆ ಯೋಜನೆಯಲ್ಲಿಲ್ಲ. ಅದನ್ನು ಅವರು ಮೊದಲ ದಿನವೇ ಹೇಳಿ, ಕಾರ್ಡ್ ನಡೆಯುವ ಕಡೆ ಹೋಗುವುದಾದರೆ ಪತ್ರ ಬರೆದುಕೊಡುತ್ತೇವೆ ಎಂದೂ ಹೇಳಿದ್ದರು. ಬಟ್ಟೆಯನ್ನು ಗುರುತಿಸಿದವರ ಕೈಯಲ್ಲೇ ತೆಗೆಸಬೇಕೆಂದು ಭಾವ ಬೇರೆ ಕಡೆ ಹೋಗಲು ಒಪ್ಪಲಿಲ್ಲ. ಎರಡು ಬೆಳೆಯ ಗೂಡು ಮಾರಿದ ದುಡ್ಡು ಇದಕ್ಕೇ ಹೋಯಿತು. ಬಿಲ್ಲಿನಲ್ಲಿ ಬರೆದ ಪ್ರತಿಯೊಂದಕ್ಕೂ ಲೆಕ್ಕ ಸಿಕ್ಕಿತು, ಆದರೂ ಇನ್ನೊಬ್ಬರ ತಪ್ಪಿಗೆ ನಾವು ಕಟ್ಟಿದ ಹಣ ಅದು ಎಂಬುದನ್ನು ಮರೆಯಲಾಗುವುದಿಲ್ಲ.

ನಾನು ಈ ಆಸ್ಪತ್ರೆಯನ್ನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಅವರು ಬರೆದುಕೊಟ್ಟ ಒಂದು ವಾಕ್ಯಕ್ಕೆ. ವೈದ್ಯರು ವೈದ್ಯರನ್ನು ಬಿಟ್ಟುಕೊಡುವುದಿಲ್ಲ, ಕಾಗದದಲ್ಲಿ ಗಡ್ಡೆ ಎಂದಷ್ಟೇ ಬರೆದು ಮುಗಿಸುತ್ತಾರೆ ಎಂದು ಊರಿನಲ್ಲಿ ಹಲವರು ಹೇಳಿದ್ದರು. ಈ ಡಾಕ್ಟರು ಆಪರೇಷನ್ ನೋಟಿನಲ್ಲಿ, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಮಾಪ್ ಹೊರತೆಗೆಯಲಾಯಿತು ಎಂದು ನೇರವಾಗಿ ಬರೆದು, ಹೆಸರಿನ ಕೆಳಗೆ ನೋಂದಣಿ ಸಂಖ್ಯೆ ಹಾಕಿ ಸಹಿ ಮಾಡಿದರು. ಆ ವಾಕ್ಯಕ್ಕೆ ನ್ಯಾಯಾಲಯದಲ್ಲಿ ಎಷ್ಟು ಬೆಲೆಯಿದೆಯೆಂದು ವಕೀಲರೊಬ್ಬರು ನಮಗೆ ತಿಳಿಸಿದರು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬಾಣಂತಿಯೊಬ್ಬರ ಹೊಟ್ಟೆಯಲ್ಲಿ ಬಟ್ಟೆ ಉಳಿದು ಅವರು ಕೆಲವೇ ದಿನಗಳಲ್ಲಿ ತೀರಿಕೊಂಡ ಪ್ರಕರಣದಲ್ಲಿ, ಬಟ್ಟೆ ಒಳಗೆ ಉಳಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಅದೇ ನ್ಯಾಯಾಲಯ 1995ರಲ್ಲಿಯೇ ತೀರ್ಪು ಕೊಟ್ಟಿತ್ತು. ಆದರೆ ಗ್ರಾಹಕ ಆಯೋಗಕ್ಕೆ ಹೋಗಲು ಎರಡೇ ವರ್ಷ ಅವಧಿ. 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ 2002ರಲ್ಲಿ ಗಾಜ್ ಪತ್ತೆಯಾದ ಮಹಿಳೆಯೊಬ್ಬರ ದೂರನ್ನು, ನಡುವಿನ ಒಂಬತ್ತು ವರ್ಷ ನೋವಿದ್ದರೂ ಅವರು ಆ ಶಸ್ತ್ರಚಿಕಿತ್ಸಕರನ್ನು ಮತ್ತೆ ಕಾಣದೆ ನೋವಿನ ಮಾತ್ರೆಯಲ್ಲೇ ಕಾಲ ಕಳೆದರೆಂಬ ಕಾರಣ ಹೇಳಿ, ಅವಧಿ ಮೀರಿದೆಯೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ನೋವನ್ನು ಸಹಿಸಿಕೊಂಡೇ ಬೆಳೆದ ನಮ್ಮ ಹಳ್ಳಿಯ ಹೆಣ್ಣುಮಕ್ಕಳನ್ನು ನೆನೆದರೆ ಈ ತೀರ್ಪು ನನಗೆ ಬಹಳ ಕಷ್ಟವಾಗುತ್ತದೆ.

ಮೊದಲ ನರ್ಸಿಂಗ್ ಹೋಮಿಗೆ ಪೂರ್ತಿ ದಾಖಲೆ ಕೊಡಿ ಎಂದು ಲಿಖಿತ ಅರ್ಜಿ ಕೊಟ್ಟಿದ್ದೇವೆ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ನಮಗೆ ಸಿಕ್ಕಿರುವುದು ಅರ್ಜಿ ತಲುಪಿದ ಮುದ್ರೆ ಮಾತ್ರ. ಅದನ್ನೂ ಹೊಸ ಕಡತಕ್ಕೆ ಸೇರಿಸಿದ್ದೇನೆ. ಅಕ್ಕನನ್ನು ಕಳೆದ ವಾರ ಮೂರು ತಿಂಗಳ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ಕಾದೆವು. ಕುರ್ಚಿಗಳು ಇನ್ನೂ ಹೆಚ್ಚಾಗಿಲ್ಲ. ತೂಕ ಆರು ಕಿಲೋ ಏರಿದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಸೊಪ್ಪಿನ ಹೊರೆಯನ್ನು ಇನ್ನೂ ಮೂರು ತಿಂಗಳು ಎತ್ತಬೇಡಿ, ಹುಳುವಿಗೆ ಸೊಪ್ಪು ಹಾಕುವುದಕ್ಕೆ ಅಡ್ಡಿಯಿಲ್ಲ ಎಂದರು.